ಊರಿನ ಎಕ್ಯೂಐ ಒಂದು, ನಿಮ್ಮ ಮೂಗಿನ ಮುಂದಿನ ಗಾಳಿ ಇನ್ನೊಂದು

ಡಿಸೆಂಬರ್ ಬಂತು ಅಂದ್ರೆ ಉಸಿರಾಟದ ತೊಂದರೆ ಬಗ್ಗೆ ಪತ್ರಗಳು ಜಾಸ್ತಿ ಆಗ್ತವೆ, ಈ ಸಲವಂತೂ ಬಂದಿರೋದ್ರಲ್ಲಿ ಹೆಚ್ಚಿನವು ಹೊಗೆ, ಧೂಳು, ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳೋ ಸೂಚ್ಯಂಕ, ನಂಬರು ಜಾಸ್ತಿ ಆದಷ್ಟೂ ಗಾಳಿ ಕೆಟ್ಟದ್ದು) ಬಗ್ಗೇನೇ ಇವೆ. ಅದಕ್ಕೇ ಈ ಸಂಚಿಕೆಯ ಅಂಕಣ ಪೂರ್ತಿ ಗಾಳಿಗೇ ಬಿಟ್ಟಿದೀನಿ. ಜಾಸ್ತಿ ಪ್ರಶ್ನೆ ಬೆಂಗಳೂರಿಂದ, ಒಂದು ಹುಬ್ಬಳ್ಳಿಯಿಂದ, ಒಂದು ದಿಲ್ಲಿಗೆ ಹೊರಟಿರೋ ಕುಟುಂಬದ್ದು. ತುಂಬ ಜನ ಹೆಸರು ಹಾಕ್ಬೇಡಿ ಅಂದಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಡಾಕ್ಟ್ರೇ, ನನ್ನ ಫೋನಲ್ಲಿ ಎರಡು ಆ್ಯಪ್ ಇವೆ. ಬೆಳಿಗ್ಗೆ ಎದ್ದು ನೋಡಿದ್ರೆ ಒಂದರಲ್ಲಿ ಬೆಂಗಳೂರು 98 ಅಂತಿರತ್ತೆ, ಇನ್ನೊಂದರಲ್ಲಿ 153. ಅದೇ ದಿನ, ಅದೇ ಹೊತ್ತು. ನಮ್ಮನೆಯವರು ಇದೆಲ್ಲ ಪ್ಯೂರಿಫೈಯರ್ ಮಾರೋಕೆ ಮಾಡೋ ಗಿಮಿಕ್ ಅಂತಾರೆ. ಯಾವುದನ್ನ ನಂಬೋದು? (ಗೃಹಿಣಿ, ಬನಶಂಕರಿ)

ಉತ್ತರ: ಎರಡೂ ಸುಳ್ಳಲ್ಲ ಅಮ್ಮ, ಅಳತೆಗೋಲು ಬೇರೆ ಬೇರೆ, ಅಷ್ಟೇ. ಗಾಳಿಯಲ್ಲಿ ತೇಲೋ ಸಣ್ಣ ಕಣ ಇದೆಯಲ್ಲ, ಪಿಎಂ 2.5 ಅಂತಾರೆ, ನಮ್ಮ ಕೂದಲೆಳೆ ದಪ್ಪದಲ್ಲಿ ಸುಮಾರು ಮೂವತ್ತರಲ್ಲಿ ಒಂದು ಪಾಲು ಇರತ್ತೆ, ಅದು ಒಂದು ಘನ ಮೀಟರ್ ಗಾಳಿಯಲ್ಲಿ 59 ಮೈಕ್ರೋಗ್ರಾಂ ಇದೆ ಅಂದ್ಕೊಳ್ಳಿ. ನಮ್ಮ ದೇಶದ ಲೆಕ್ಕದಲ್ಲಿ ಅದು ಎಕ್ಯೂಐ 98 ಆಗತ್ತೆ, ಅಮೆರಿಕದ ಲೆಕ್ಕದಲ್ಲಿ ಅದೇ ಗಾಳಿ 150 ದಾಟತ್ತೆ. ನಿಮ್ಮ ಒಂದು ಆ್ಯಪ್ ನಮ್ಮ ಲೆಕ್ಕ ಹಾಕಿದೆ, ಇನ್ನೊಂದು ಅವರದ್ದು. ಇದರ ಜೊತೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೊಡೋದು ಹಿಂದಿನ 24 ಗಂಟೆಯ ಸರಾಸರಿ, ಕೆಲವು ಖಾಸಗಿ ಆ್ಯಪ್‌ಗಳು ಆ ಗಂಟೆಯದ್ದನ್ನೇ ತೋರಿಸ್ತವೆ, ಹಂಗಾಗಿ ಬೆಳಿಗ್ಗೆ ಏಳಕ್ಕೆ ನಿಮ್ಮ ಏರಿಯಾದಲ್ಲಿ ಹೊಗೆ ಕವಿದಿದ್ರೂ ಸರಾಸರಿ ನಂಬರು ಆರಾಮಾಗೇ ಕೂತಿರತ್ತೆ.

ಎಕ್ಯೂಐ ಅಂದ್ರೆ ಎಲ್ಲ ಮಾಲಿನ್ಯ ಕೂಡಿಸಿ ಭಾಗಿಸಿದ್ದು ಅಂತ ಸುಮಾರು ಜನ ತಿಳ್ಕೊಂಡಿದಾರೆ. ಹಂಗಲ್ಲ. ಪಟ್ಟಿಯಲ್ಲಿ ಎಂಟು ಇವೆ, ಪಿಎಂ 10 ಅನ್ನೋ ಇನ್ನೂ ಸ್ವಲ್ಪ ದೊಡ್ಡ ಧೂಳಿನ ಕಣ, ಪಿಎಂ 2.5, ನೈಟ್ರೋಜನ್ ಡೈಆಕ್ಸೈಡು, ಸಲ್ಫರ್ ಡೈಆಕ್ಸೈಡು, ಓಝೋನು, ಕಾರ್ಬನ್ ಮೊನಾಕ್ಸೈಡು, ಅಮೋನಿಯ, ಸೀಸ. ಆ ಹೊತ್ತಲ್ಲಿ ಅಳೆದಿರೋದ್ರಲ್ಲಿ ಯಾವುದು ಎಲ್ಲಕ್ಕಿಂತ ಕೆಟ್ಟದಾಗಿದೆಯೋ ಅದರ ನಂಬರೇ ಆ ಸ್ಟೇಷನ್ನಿನ ಎಕ್ಯೂಐ. ಅದಕ್ಕೇ ನಾನು ಪೇಷೆಂಟ್‌ಗಳಿಗೆ ಹೇಳೋದು, ಆ್ಯಪ್ ತೋರಿಸೋ ಬಣ್ಣ ನೋಡ್ಬೇಡಿ, ಒಳಗೆ ಹೋಗಿ ಪಿಎಂ 2.5 ಎಷ್ಟು ಮೈಕ್ರೋಗ್ರಾಂ ಇದೆ ನೋಡಿ ಅಂತ. ನಮ್ಮ ದೇಶದ ಮಿತಿ ದಿನಕ್ಕೆ 60, ವರ್ಷದ ಸರಾಸರಿಗೆ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟಿರೋದು ದಿನಕ್ಕೆ 15, ವರ್ಷಕ್ಕೆ 5. ಬೆಂಗಳೂರಿನ ವರ್ಷದ ಸರಾಸರಿ ಸಾಮಾನ್ಯವಾಗಿ 30ರ ಆಚೀಚೆ ಇರತ್ತೆ. ನಮ್ಮ ಪುಸ್ತಕದ ಪ್ರಕಾರ ಪಾಸು, ಶ್ವಾಸಕೋಶದ ಪ್ರಕಾರ ಪಾಸಲ್ಲ. 98ಕ್ಕೆ 'ತೃಪ್ತಿಕರ' ಅಂತ ಹೆಸರಿಟ್ಟಿದಾರೆ, ಆ ಪದ ನೋಡಿ ಆಸ್ತಮಾ ಇರೋ ಮಗೂನ ಹೊರಗೆ ಬಿಟ್ಟು ಬರೋರನ್ನ ನೋಡಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗತ್ತೆ.

ಇನ್ನೊಂದು ಮಾತು, ಈ ಇಡೀ ಅಂಕಣಕ್ಕೆ ಇದೇ ಮುಖ್ಯ. ಅಳೆಯೋ ಯಂತ್ರ ಇರೋದು ಸಿಲ್ಕ್ ಬೋರ್ಡಲ್ಲಿ, ಹೆಬ್ಬಾಳದಲ್ಲಿ, ಪೀಣ್ಯದಲ್ಲಿ, ಜಯನಗರ ಐದನೇ ಬ್ಲಾಕಲ್ಲಿ, ಹಿಂಗೆ ಬೆರಳೆಣಿಕೆ ಜಾಗಗಳಲ್ಲಿ. ನಿಮ್ಮ ಅಡುಗೆಮನೆಯಲ್ಲಿಲ್ಲ, ನಿಮ್ಮ ಮಗಳ ಸ್ಕೂಲ್ ಗೇಟ್ ಹತ್ರ ಇಲ್ಲ. ಸರ್ಕಾರಿ ಸಮೀರ್ ಆ್ಯಪ್ ಹಾಕ್ಕೊಂಡು ಹತ್ತಿರದ ಸ್ಟೇಷನ್ ನೋಡಿ, ಅದನ್ನ ಊರಿನ ಹವಾ ಹೆಂಗಿದೆ ಅಂತ ತಿಳ್ಕೊಳ್ಳೋಕೆ ಬಳಸಿ, ಆದ್ರೆ ನೀವು ಉಸಿರಾಡೋ ಗಾಳಿ ಎಂಥದ್ದು ಅನ್ನೋದು ನೀವು ಯಾವ ರಸ್ತೇಲಿ, ಯಾವ ಹೊತ್ತಲ್ಲಿ, ಯಾವ ಹೊಗೆಯ ಪಕ್ಕ ಇದೀರಿ ಅನ್ನೋದ್ರ ಮೇಲೆ ನಿಂತಿದೆ.

ಪ್ರಶ್ನೆ: ದಿನಾ ಸ್ಕೂಟಿಯಲ್ಲಿ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗ್ತೀನಿ, ಹೋಗೋಕೆ ಒಂದೂಕಾಲು ಗಂಟೆ ಬರೋಕೆ ಒಂದೂಕಾಲು ಗಂಟೆ. ಮುಖಕ್ಕೆ ದುಪಟ್ಟಾ ಸುತ್ಕೋತೀನಿ. ಮನೆಗೆ ಬಂದು ಮೂಗು ಸೀನಿದ್ರೆ ಕಪ್ಪಗೆ ಬರತ್ತೆ. ದುಪಟ್ಟಾ ಸಾಕಾ? (ಐಟಿ ಉದ್ಯೋಗಿ, 27, ಜೆ.ಪಿ. ನಗರ)

ಉತ್ತರ: ಸಾಲಲ್ಲ ಕಣಮ್ಮ. ದುಪಟ್ಟಾ, ಕರ್ಚೀಫು, ಒದ್ದೆ ಬಟ್ಟೆ ಇವೆಲ್ಲ ಕಣ್ಣಿಗೆ ಕಾಣೋ ಧೂಳನ್ನ ಸ್ವಲ್ಪ ತಡೀತವೆ, ಬಸ್ಸು ಟಿಪ್ಪರ್‌ಗಳ ಹೊಗೆಯಲ್ಲಿರೋ ಸಣ್ಣ ಕಣ ಅದರ ಎಳೆಗಳ ಮಧ್ಯೆ ಬಾಗಿಲು ತೆಗೆದ ಹಂಗೆ ಒಳಗೆ ಬರತ್ತೆ. ಮೂಗಲ್ಲಿ ಕಪ್ಪಗೆ ಬಂತಲ್ಲ, ಅದು ಮೂಗು ಹಿಡಿದು ನಿಲ್ಲಿಸಿದ್ದು, ನಿಲ್ಲದೆ ಕೆಳಗೆ ಇಳಿದದ್ದು ನಿಮಗೆ ಕಾಣಲ್ಲ. ಎನ್95 ಮಾಸ್ಕ್ ಹಾಕ್ಕೊಳ್ಳಿ. 0.3 ಮೈಕ್ರಾನ್‌ನಂಥ ಹಿಡಿಯೋಕೆ ಕಷ್ಟವಾದ ಕಣಗಳಲ್ಲೂ ಕನಿಷ್ಠ ಶೇ. 95ರಷ್ಟನ್ನ ತಡೀಬೇಕು ಅನ್ನೋದು ಅದರ ಲೆಕ್ಕ, ಆದ್ರೆ ಅದು ಮುಖಕ್ಕೆ ಅಂಟಿ ಕೂತ್ರೆ ಮಾತ್ರ. ಕಿವಿಗೆ ಸಿಕ್ಕಿಸೋದಕ್ಕಿಂತ ತಲೆ ಹಿಂದೆ ಹೋಗೋ ಎರಡು ಪಟ್ಟಿಯದ್ದು ಚೆನ್ನಾಗಿ ಕೂರತ್ತೆ. ಮಾಸ್ಕ್ ಹಾಕಿ ಜೋರಾಗಿ ಉಸಿರು ಬಿಡಿ, ಮೂಗಿನ ಪಕ್ಕದಿಂದ ಗಾಳಿ ಕಣ್ಣಿಗೆ ಬಂದ್ರೆ ಮೇಲಿನ ತಂತಿಯನ್ನ ಇನ್ನೊಂಚೂರು ಒತ್ತಿ. ಮೊದಲು ಮಾಸ್ಕ್, ಆಮೇಲೆ ಹೆಲ್ಮೆಟ್. ಒಂದು ಮಾಸ್ಕನ್ನ ಒಣಗಿಸಿ ಸುಮಾರು ದಿನ ಬಳಸಬಹುದು, ಒಗೀಬಾರದು, ಒಗೆದ್ರೆ ಕಣ ಹಿಡಿಯೋ ಶಕ್ತಿ ಹೋಗತ್ತೆ. ಉಸಿರೆಳೆಯೋಕೆ ಕಷ್ಟ ಆದ್ರೆ, ಒಳಗೆ ಕಪ್ಪಾದ್ರೆ, ಪಟ್ಟಿ ಸಡಿಲ ಆದ್ರೆ ಬದಲಾಯಿಸಿ. ಕೋವಿಡ್ ಟೈಮಲ್ಲಿ ಹಾಕ್ತಿದ್ದ ನೀಲಿ ಸರ್ಜಿಕಲ್ ಮಾಸ್ಕ್ ಪಕ್ಕದಲ್ಲೆಲ್ಲ ಗ್ಯಾಪ್ ಬಿಡತ್ತೆ, ಟ್ರಾಫಿಕ್ ಹೊಗೆಗೆ ಅದು ಆಗಲ್ಲ.

ಆದ್ರೆ ಮಾಸ್ಕ್ ಅನಿಲಗಳನ್ನ ತಡೆಯಲ್ಲ, ನೈಟ್ರೋಜನ್ ಡೈಆಕ್ಸೈಡು ಹಂಗೇ ಒಳಗೆ ಹೋಗತ್ತೆ. ಅದಕ್ಕೇ ದಾರಿ ಬಗ್ಗೆ ಯೋಚಿಸಿ. ಮೇನ್ ರೋಡ್ ಬಿಟ್ಟು ಒಂದೆರಡು ಕ್ರಾಸ್ ಒಳಗೆ ಹೋದ್ರೇನೇ ಹೊಗೆ ಎಷ್ಟೋ ಕಮ್ಮಿ ಆಗತ್ತೆ, ಹತ್ತು ನಿಮಿಷ ಜಾಸ್ತಿ ಆದ್ರೂ ಒಳರಸ್ತೆ ಇದ್ರೆ ಅದರಲ್ಲೇ ಹೋಗಿ. ಸಿಗ್ನಲ್‌ನಲ್ಲಿ ಬಸ್ಸಿನ ಸೈಲೆನ್ಸರ್ ಹಿಂದೆ ನಿಲ್ಲಬೇಡಿ, ಸಾಧ್ಯ ಆದ್ರೆ ಸೈಡಿಗೆ ಬನ್ನಿ, ಗಾಡಿ ಆಫ್ ಮಾಡಿ. ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಕೇಳೋ ಅವಕಾಶ ಇದ್ರೆ ಕೇಳಿ, ದಿನಕ್ಕೆ ಎರಡೂವರೆ ಗಂಟೆ ರಸ್ತೆ ಮೇಲೆ ಅನ್ನೋದು ಸಣ್ಣ ವಿಷಯ ಅಲ್ಲ.

ಪ್ರಶ್ನೆ: ವಯಸ್ಸು 68. ಮೂರು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದಾರೆ. ಬೆಳಿಗ್ಗೆ ಐದೂವರೆಗೆ ಎದ್ದು ರಿಂಗ್ ರೋಡ್ ಪಕ್ಕ ನಾಲ್ಕು ಕಿಲೋಮೀಟರ್ ನಡೀತೀನಿ. ಆ ಹೊತ್ತಿಗೆ ಗಾಡಿ ಇರಲ್ಲ, ಫ್ರೆಶ್ ಗಾಳಿ ಅಲ್ವಾ? (ನಿವೃತ್ತ ಬ್ಯಾಂಕ್ ಉದ್ಯೋಗಿ, ಬೆಂಗಳೂರು)

ಉತ್ತರ: ಮಳೆಗಾಲದಲ್ಲಿ ಹೌದು ಸಾರ್. ಚಳಿಗಾಲದಲ್ಲಿ ಅಲ್ಲ. ಬಿಸಿಲಿರೋವಾಗ ನೆಲ ಕಾದು ಗಾಳಿ ಮೇಲೇರತ್ತೆ, ಹೊಗೇನೂ ಜೊತೆಗೆ ಎತ್ಕೊಂಡು ಹೋಗತ್ತೆ. ಡಿಸೆಂಬರ್ ಜನವರಿ ರಾತ್ರಿ ನೆಲ ತಣ್ಣಗಾಗತ್ತೆ, ಕೆಳಗೆ ತಣ್ಣನೆ ಗಾಳಿ ಮೇಲೆ ಬೆಚ್ಚನೆ ಗಾಳಿ, ಪಾತ್ರೆಗೆ ಮುಚ್ಚಳ ಹಾಕಿದ ಹಂಗೆ. ಹಿಂದಿನ ರಾತ್ರಿಯ ಲಾರಿ ಹೊಗೆ, ಮೈ ಕಾಯಿಸ್ಕೊಳ್ಳೋಕೆ ಹಾಕಿದ ಬೆಂಕಿಯ ಹೊಗೆ ಎಲ್ಲ ಆ ಮುಚ್ಚಳದ ಕೆಳಗೇ ಇರತ್ತೆ, ನೀವು ಅದರೊಳಗೆ ಜೋರಾಗಿ ಉಸಿರೆಳೀತಾ ನಡೀತೀರಿ. ಮಂಜು ಅಂದ್ಕೊಂಡಿರ್ತೀವಿ, ಅರ್ಧ ಹೊಗೆ ಇರತ್ತೆ. ಬಿಸಿಲು ಬಂದ ಮೇಲೆ, ಟ್ರಾಫಿಕ್ ಇಲ್ಲದ ಕಡೆ ನಡೀರಿ. ರಿಂಗ್ ರೋಡ್ ಬಿಟ್ಬಿಡಿ, ಹತ್ರದ ಪಾರ್ಕಿನ ಒಳಗಿನ ಟ್ರ್ಯಾಕು, ರಸ್ತೆಯಿಂದ ಎಷ್ಟು ದೂರ ಆದ್ರೆ ಅಷ್ಟು ಒಳ್ಳೇದು. ತೀರಾ ಕೆಟ್ಟ ದಿನ ಮನೇಲೇ ಮೆಟ್ಟಿಲು, ಹಾಲಲ್ಲೇ ಓಡಾಟ.

ಮಾಲಿನ್ಯ ಅಂದ್ರೆ ಎಲ್ರೂ ಶ್ವಾಸಕೋಶ ಅಂದ್ಕೋತಾರೆ, ನಿಮ್ಮ ವಿಷಯದಲ್ಲಿ ನನ್ನ ಚಿಂತೆ ಹೃದಯದ್ದು. ಅತಿ ಸಣ್ಣ ಕಣಗಳು ಶ್ವಾಸಕೋಶದ ಗಾಳಿಚೀಲ ದಾಟಿ ರಕ್ತಕ್ಕೂ ಸೇರ್ತವೆ, ರಕ್ತನಾಳದ ಒಳಗೋಡೆ ಉರಿಯೂತ ಆಗತ್ತೆ, ಬಿಪಿ ಏರತ್ತೆ, ರಕ್ತ ಹೆಪ್ಪುಗಟ್ಟೋದು ಸುಲಭ ಆಗತ್ತೆ. ಹೊಗೆ ಜಾಸ್ತಿ ಇದ್ದ ದಿನಗಳ ಹಿಂದೆಮುಂದೆ ಹಾರ್ಟ್ ಅಟ್ಯಾಕು, ಸ್ಟ್ರೋಕು ಜಾಸ್ತಿ ಆಗೋದು ಊರೂರಿನ ಅಧ್ಯಯನಗಳಲ್ಲಿ ಕಂಡಿದೆ. ನಡೀವಾಗ ಎದೆ ಬಿಗಿ, ದವಡೆ ಅಥವಾ ಎಡಗೈ ನೋವು, ಎಂದೂ ಇಲ್ಲದ ಏದುಸಿರು ಬಂದ್ರೆ ಅದನ್ನ ಹೊಗೆ ಮೇಲೆ ಹಾಕಿ ಸುಮ್ಮನಿರಬೇಡಿ, ಅಲ್ಲೇ ಕೂತು ಫೋನ್ ಮಾಡಿ. ಹಾಂ, ವಾಕಿಂಗ್ ಮಾತ್ರ ಬಿಡ್ಬೇಡಿ, ಅದು ನಿಮ್ಮ ಮಾತ್ರೆಯಷ್ಟೇ ಮುಖ್ಯ.

ಪ್ರಶ್ನೆ: ಬೆಲ್ಲ ತಿಂದ್ರೆ ಗಂಟಲಲ್ಲಿ ಹೋಗಿರೋ ಧೂಳು ಕ್ಲೀನ್ ಆಗತ್ತಂತೆ, ಗಾರೆ ಕೆಲಸದವರಿಗೆ ಅದಕ್ಕೇ ಕೊಡ್ತಾರಂತೆ. ನಿಜಾನಾ?

ಉತ್ತರ: ತಿಂದ ಬೆಲ್ಲ ಅನ್ನನಾಳಕ್ಕೆ ಹೋಗತ್ತೆ, ಧೂಳು ಹೋಗಿರೋದು ಶ್ವಾಸನಾಳಕ್ಕೆ. ಎರಡೂ ಬೇರೆ ದಾರಿ. ಗಂಟಲಿಗೆ ಹಿತ ಅನ್ಸತ್ತೆ, ಅಷ್ಟು ಮಾತ್ರ ನಿಜ. ಆ ಕೆಲಸದವರಿಗೆ ಬೆಲ್ಲ ಕೊಡಿ, ಜೊತೆಗೆ ಮಾಸ್ಕೂ ಕೊಡಿ.

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಎರಡು ವರ್ಷದಿಂದ ಚಳಿಗಾಲ ಬಂದ್ರೆ ರಾತ್ರಿ ಕೆಮ್ಮು, ಎದೇಲಿ ಸಿಳ್ಳೆ ಹಾಕಿದ ಹಂಗೆ ಶಬ್ದ. ಡಾಕ್ಟ್ರು ಇನ್‌ಹೇಲರ್ ಬರೆದಿದಾರೆ. ನಮ್ಮತ್ತೆ ಅದು ಒಂದ್ಸಲ ಶುರು ಮಾಡಿದ್ರೆ ಅಭ್ಯಾಸ ಆಗೋಗತ್ತೆ, ಬಿಡೋಕಾಗಲ್ಲ ಅಂತಾರೆ, ಅದಕ್ಕೆ ಕೆಮ್ಮಿನ ಸಿರಪ್ ಹಾಕ್ತಿದೀವಿ. ಮನೆ ಮೇನ್ ರೋಡಲ್ಲಿದೆ, ಬಿಡೋಕಾಗಲ್ಲ. ಏನ್ಮಾಡ್ಲಿ? (ಒಬ್ಬ ತಾಯಿ, ರಾಜಾಜಿನಗರ)

ಉತ್ತರ: ಇದಕ್ಕೆ ನಿಧಾನವಾಗಿ ಉತ್ತರ ಬರೀತೀನಿ, ಯಾಕಂದ್ರೆ ಈ ತಿಂಗಳು ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಏಳು ಜನ ಕೇಳಿದಾರೆ.

ಮೊದಲು ಇನ್‌ಹೇಲರ್. ಅಭ್ಯಾಸ ಆಗಲ್ಲ. ಔಷಧಿ ನೇರ ಶ್ವಾಸನಾಳಕ್ಕೆ ಹೋಗೋದ್ರಿಂದ ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಟ್ರೆ ಸಾಕು, ಅದೇ ಮಾತ್ರೆ ಸಿರಪ್ ಆದ್ರೆ ಮಿಲಿಗ್ರಾಂ ಲೆಕ್ಕದಲ್ಲಿ ಇಡೀ ಮೈಗೆ ಹೋಗತ್ತೆ. ನಿಮ್ಮತ್ತೆಗೆ ಹಿಂಗೆ ಹೇಳಿ, ಕಣ್ಣಿಗೆ ತೊಂದರೆ ಆದ್ರೆ ಕಣ್ಣಿಗೇ ಡ್ರಾಪ್ಸ್ ಹಾಕ್ತೀವಲ್ಲ, ಹಂಗೇ ಇದು. ಎರಡು ತರ ಇರತ್ತೆ, ಒಂದು ಕಷ್ಟ ಆದಾಗ ತಕ್ಷಣ ನಾಳ ಅಗಲ ಮಾಡೋದು, ಇನ್ನೊಂದು ಒಳಗಿನ ಊತ ಕಮ್ಮಿ ಮಾಡಿ ಕಷ್ಟ ಬರದೇ ಇರೋ ಹಂಗೆ ನೋಡ್ಕೊಳ್ಳೋದು. ಜನ ಮೊದಲನೇದನ್ನ ಮಾತ್ರ ಹಿಡ್ಕೋತಾರೆ, ಮಗು ಚೆನ್ನಾಗಿದೆ ಅಂತ ಎರಡನೇದನ್ನ ನಿಲ್ಲಿಸ್ತಾರೆ, ಅಲ್ಲೇ ತಪ್ಪಾಗೋದು. ಆರು ವರ್ಷದ ಮಗೂಗೆ ಸ್ಪೇಸರ್ ಅಂತ ಪ್ಲಾಸ್ಟಿಕ್ ಡಬ್ಬಿ ತರ ಬರತ್ತೆ, ಅದಕ್ಕೆ ಸಿಕ್ಕಿಸಿ ಕೊಡಿ, ಇಲ್ಲಾಂದ್ರೆ ಔಷಧಿ ಬಾಯಲ್ಲೇ ಉಳಿಯತ್ತೆ. ಕೊಟ್ಟಾದ ಮೇಲೆ ಬಾಯಿ ಮುಕ್ಕಳಿಸಲಿ. ಸಿರಪ್ ಬಿಟ್ಬಿಡಿ, ಸಿಳ್ಳೆ ಶಬ್ದಕ್ಕೆ ಅದು ಏನೂ ಮಾಡಲ್ಲ. ಪಕ್ಕೆಲುಬಿನ ಮಧ್ಯೆ ಚರ್ಮ ಒಳಗೆ ಎಳ್ಕೊಂಡ್ರೆ, ಒಂದು ವಾಕ್ಯ ಪೂರ್ತಿ ಮಾತಾಡೋಕಾಗದೆ ಇದ್ರೆ, ತುಟಿ ನೀಲಿ ಆದ್ರೆ ರಾತ್ರಿ ಎಷ್ಟೊತ್ತಾಗಿದ್ರೂ ಆಸ್ಪತ್ರೆ.

ಈಗ ಗಾಳಿ. ಮಕ್ಕಳು ನಮಗಿಂತ ಬೇಗ ಬೇಗ ಉಸಿರಾಡ್ತಾರೆ, ಅವರ ಮೂಗು ಇರೋದು ಕಾರಿನ ಸೈಲೆನ್ಸರ್ ಎತ್ತರಕ್ಕೆ ಹತ್ರ, ಶ್ವಾಸಕೋಶ ಇನ್ನೂ ಬೆಳೀತಾ ಇರತ್ತೆ. ಮೇನ್ ರೋಡ್ ಮನೆ ಬಿಡೋಕಾಗಲ್ಲ ಅಂದ್ರಿ, ಒಪ್ಪಿದೆ. ಮಗು ಮಲಗೋ ರೂಮನ್ನ ರಸ್ತೆ ಕಡೆಯಿಂದ ಹಿಂದಿನ ರೂಮಿಗೆ ಹಾಕಿ, ದಿನದ ಒಂಬತ್ತು ಹತ್ತು ಗಂಟೆ ಅಲ್ಲೇ ಕಳೆಯತ್ತಲ್ಲ. ಬೆಳಿಗ್ಗೆ ಸಂಜೆ ಟ್ರಾಫಿಕ್ ಹೊತ್ತಲ್ಲಿ ರಸ್ತೆ ಕಡೆ ಕಿಟಕಿ ಮುಚ್ಚಿ, ಮಧ್ಯಾಹ್ನ ಎಲ್ಲ ತೆಗೀರಿ.

ಇನ್ನು ನಾನು ಯಾವಾಗ್ಲೂ ಕೇಳೋ ಪ್ರಶ್ನೆ, ರಾತ್ರಿ ಸೊಳ್ಳೆಗೆ ಏನು ಹಚ್ತೀರಿ? ಹಿಂದೊಮ್ಮೆ ನನ್ನ ಕ್ಲಿನಿಕ್‌ಗೆ ಒಂದು ಹೆಣ್ಣುಮಗು ಬರ್ತಿತ್ತು, ತಿಂಗಳಿಗೆ ಎರಡು ಸಲ ನೆಬುಲೈಸರ್ (ಔಷಧೀನ ಮಂಜಿನ ತರ ಮಾಡಿ ಉಸಿರಲ್ಲಿ ಕೊಡೋ ಯಂತ್ರ), ಅವರಪ್ಪ ಟ್ರಾಫಿಕ್ಕು ಫ್ಯಾಕ್ಟರಿ ಎಲ್ಲ ಬೈಕೊಂಡು ಬರೋರು. ಮನೆಯದ್ದೆಲ್ಲ ಒಂದೊಂದಾಗಿ ಕೇಳ್ತಾ ಹೋದ್ರೆ, ಕಿಟಕಿ ಮುಚ್ಚಿದ ಸಣ್ಣ ರೂಮಲ್ಲಿ ಮಂಚದ ಕೆಳಗೆ ರಾತ್ರಿಯೆಲ್ಲ ಸೊಳ್ಳೆ ಬತ್ತಿ ಉರೀತಿತ್ತು. ಒಂದು ಬತ್ತಿ ಉರಿದ್ರೆ ಹೊರಡೋ ಸಣ್ಣ ಕಣ 75ರಿಂದ 137 ಸಿಗರೇಟಿನಷ್ಟು ಅಂತ 2003ರಲ್ಲೇ ಒಂದು ಅಧ್ಯಯನ ಅಳೆದು ಹೇಳಿದೆ. ಆ ಮನೆಯವರು ಬತ್ತಿ ಬಿಟ್ಟು ಸೊಳ್ಳೆ ಪರದೆ ಕಟ್ಟಿದ್ರು, ಔಷಧೀನೂ ಸರಿಯಾಗಿ ಹಾಕಿದ್ರು, ಮಗು ಆಸ್ಪತ್ರೆಗೆ ಬರೋದು ಕಮ್ಮಿ ಆಯ್ತು. ಬತ್ತಿ ಒಂದೇ ಕಾರಣ ಅಂತ ಹೇಳಲ್ಲ, ಆದ್ರೆ ಊರಿನ ಗಾಳಿ ನಮ್ಮ ಕೈಯಲ್ಲಿಲ್ಲ, ಮಂಚದ ಕೆಳಗಿನದ್ದು ಇದೆಯಲ್ಲ. ಹಂಗೇ ಸಾಂಬ್ರಾಣಿ, ಅಗರಬತ್ತಿ. ದೇವರ ಪೂಜೆ ಬೇಡ ಅಂತ ನಾನೆಂದೂ ಹೇಳಿಲ್ಲ, ನಮ್ಮನೇಲೂ ದಿನಾ ದೀಪ ಹಚ್ತೀವಿ. ಮಗು ಇರೋ ಮನೇಲಿ ತುಪ್ಪದ್ದೋ ಎಣ್ಣೆದೋ ಒಂದು ದೀಪ, ಹೂವು ಸಾಕು, ಧೂಪ ಹಾಕಲೇಬೇಕಾದ ಹಬ್ಬದ ದಿನ ಕಿಟಕಿ ತೆಗೆದು ಮಗೂನ ಇನ್ನೊಂದು ರೂಮಲ್ಲಿ ಇರಿಸಿ. ಒಗ್ಗರಣೆ, ಮೆಣಸಿನಕಾಯಿ ಹುರಿಯೋದು, ಬೋಂಡಾ ಕರಿಯೋದು, ಈ ಹೊತ್ತಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿ, ಮುಗಿದ ಮೇಲೂ ಹತ್ತು ನಿಮಿಷ ಓಡಲಿ. ಮನೇಲಿ ಯಾರಾದ್ರೂ ಸಿಗರೇಟ್ ಸೇದ್ತಿದ್ರೆ ಬಾಲ್ಕನೀಲಿ ಸೇದಿದ್ರೂ ಮಗುಗೆ ಮುಟ್ಟತ್ತೆ.

ಸ್ಕೂಲಿಗೆ ಹೋಗಿ ಒಂದು ಮಾತು ಕೇಳಿ, ಬಿಡೋ ಹೊತ್ತಲ್ಲಿ ವ್ಯಾನುಗಳು ಇಂಜಿನ್ ಆನ್ ಮಾಡ್ಕೊಂಡೇ ಗೇಟ್ ಹತ್ರ ಇಪ್ಪತ್ತು ನಿಮಿಷ ನಿಂತಿರ್ತವಲ್ಲ, ಅದನ್ನ ನಿಲ್ಲಿಸೋಕೆ ದುಡ್ಡೇ ಬೇಡ. ನಾಲ್ಕು ತಾಯಂದಿರು ಒಟ್ಟಿಗೆ ಹೋದ್ರೆ ಕೇಳೇ ಕೇಳ್ತಾರೆ.

ಪ್ರಶ್ನೆ: ನಮಸ್ಕಾರ್ರೀ ಡಾಕ್ಟರ್ ಸಾಹೇಬ್ರ. ನಮ್ಮ ಮನಿ ಮುಂದ ಎಂಟ್ ತಿಂಗಳಿಂದ ರಸ್ತೆ ಅಗದ ಹಾಕ್ಯಾರ್ರೀ. ಬಾಗಲಾ ತಗದ್ರ ಸಾಕು, ಕುರ್ಚಿ ಮ್ಯಾಲ, ಹಾಸಗಿ ಮ್ಯಾಲ, ಅನ್ನದ ಪಾತ್ರಿ ಮ್ಯಾಲ ಕೆಂಪ ಧೂಳ. ದಿನಾ ಮೂರ ಸಲ ಕಸಾ ಹೊಡಿತೀನ್ರೀ, ಹೊಡದಂಗೆಲ್ಲಾ ನನಗ ಸೀನು ಕೆಮ್ಮು ಜಾಸ್ತಿ ಆಗಾಕತ್ತೈತಿ. ಇದು ಗಾಡಿ ಹೊಗಿಯಷ್ಟ ಕೆಟ್ಟೇನ್ರಿ? (ಹುಬ್ಬಳ್ಳಿ)

ಉತ್ತರ: ನಮಸ್ಕಾರ ಅಕ್ಕಾರೆ. ನೀವು ನೋಡ್ತಿರೋ ಧೂಳು ಹೆಚ್ಚಾಗಿ ಪಿಎಂ 10 ಮತ್ತು ಅದಕ್ಕಿಂತ ದೊಡ್ಡದು. ಅದರಲ್ಲಿ ಜಾಸ್ತಿ ಪಾಲು ಮೂಗು ಗಂಟಲು ದೊಡ್ಡ ಶ್ವಾಸನಾಳದಲ್ಲೇ ನಿಲ್ಲತ್ತೆ, ಅದಕ್ಕೇ ಸೀನು ಕೆಮ್ಮು. ಹೊಗೆಯ ಕಣದಷ್ಟು ಆಳಕ್ಕೆ ಇಳಿಯಲ್ಲ, ಆದ್ರೆ ಅಲರ್ಜಿ ಆಸ್ತಮಾ ಇರೋರಿಗೆ ಇದೇ ಸಾಕಷ್ಟು ಕಷ್ಟ ಕೊಡತ್ತೆ, ಮೇಲೆ ಗಾಡಿಗಳು ಅದನ್ನ ಅರೆದು ಅರೆದು ಇನ್ನೂ ನುಣ್ಣಗೆ ಮಾಡ್ತವೆ.

ನಿಮ್ಮ ಕೆಮ್ಮು ಜಾಸ್ತಿ ಮಾಡ್ತಿರೋದು ನಿಮ್ಮ ಕಸಬರಿಗೇನೇ. ಒಣ ಕಸ ಹೊಡೆದ್ರೆ ನೆಲದ ಮೇಲೆ ಸುಮ್ಮನೆ ಮಲಗಿದ್ದ ಧೂಳನ್ನ ಎಬ್ಬಿಸಿ ಮೂಗಿಗೆ ಕೊಟ್ಟ ಹಂಗೆ. ಒದ್ದೆ ಬಟ್ಟೇಲಿ ಒರೆಸಿ, ಮೂರು ಸಲ ಬೇಡ, ಒಂದೇ ಸಲ ಸಾಕು. ಬಾಗಿಲಿಗೆ ಒದ್ದೆ ಗೋಣಿಚೀಲ ಹಾಕಿ, ರಸ್ತೆ ಕಡೆ ಕಿಟಕಿಗೆ ತೆಳು ಬಟ್ಟೆ ಪರದೆ ಕಟ್ಟಿ ವಾರಕ್ಕೊಮ್ಮೆ ಒಗೀರಿ. ಹೊಡೆಯಲೇಬೇಕು ಅಂದ್ರೆ ಮೂಗಿಗೆ ಮಾಸ್ಕು.

ರಸ್ತೆಯವರ ಮಾತಿಗೆ ಬಂದ್ರೆ, ಅಗೆದ ಮಣ್ಣು ಮುಚ್ಚೋದು, ನೀರು ಹೊಡೆಯೋದು, ತಡೆಗೋಡೆ ಕಟ್ಟೋದು ಕೆಲಸ ಮಾಡೋರ ಜವಾಬ್ದಾರಿ, ನೀವು ಬೇಡ್ಕೊಳ್ಳೋ ಉಪಕಾರ ಅಲ್ಲ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟೀಲಿ ಕರ್ನಾಟಕದಿಂದ ನಾಲ್ಕು ಊರಿವೆ, ಬೆಂಗಳೂರು, ದಾವಣಗೆರೆ, ಕಲಬುರಗಿ, ಮತ್ತೆ ನಿಮ್ಮ ಹುಬ್ಬಳ್ಳಿ ಧಾರವಾಡ. ಧೂಳು ಕಮ್ಮಿ ಮಾಡೋಕೆ ಅಂತಲೇ ಅದರಲ್ಲಿ ದುಡ್ಡು ಬರತ್ತೆ. ಪಾಲಿಕೆಗೆ ಅರ್ಜಿ ಬರೀವಾಗ ಈ ಕಾರ್ಯಕ್ರಮದ ಹೆಸರು ಬರೆದು, ಧೂಳಿನ ಫೋಟೋ ತಾರೀಖು ಸಮೇತ ಇಟ್ಟು, ಓಣಿಯವರೆಲ್ಲ ಸಹಿ ಹಾಕಿ ಕೊಡಿ.

ಪ್ರಶ್ನೆ: ಏರ್ ಪ್ಯೂರಿಫೈಯರ್ ಬೆಂಗಳೂರಿಗೆ ಬೇಕಾ? ನಮ್ಮದು ಔಟರ್ ರಿಂಗ್ ರೋಡ್ ಪಕ್ಕ ಮೂರನೇ ಫ್ಲೋರ್. ಹೆಂಡತಿ ಐದು ತಿಂಗಳ ಗರ್ಭಿಣಿ. ಇಲ್ಲಾ ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ಇಟ್ರೆ ಸಾಕಾ?

ಉತ್ತರ: ಗಿಡ ಇಡಿ, ಕಣ್ಣಿಗೆ ತಂಪು, ಗಾಳಿ ಶುದ್ಧ ಮಾಡೋಕೆ ಅಂತ ಬೇಡ. ಗಿಡದ ಕಥೆ ಶುರುವಾಗಿದ್ದು 1989ರ ನಾಸಾ ಪ್ರಯೋಗದಿಂದ, ಅದು ಮುಚ್ಚಿದ ಸಣ್ಣ ಪೆಟ್ಟಿಗೆ ಒಳಗೆ ಕೆಲವು ರಾಸಾಯನಿಕ ಅನಿಲಗಳನ್ನ ಬಿಟ್ಟು ಮಾಡಿದ್ದು, ಹೊಗೆ ಕಣಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿಜವಾದ ಮನೇಲಿ ಆ ಕೆಲಸ ಆಗ್ಬೇಕಂದ್ರೆ ಮನೆ ಪೂರ್ತಿ ಗಿಡ ತುಂಬಿಸಿದ್ರೂ ಸಾಲಲ್ಲ.

ಬೆಂಗಳೂರಲ್ಲಿ ಎಲ್ರಿಗೂ ಪ್ಯೂರಿಫೈಯರ್ ಬೇಕು ಅಂತ ನಾನು ಹೇಳಲ್ಲ, ಕಿಟಕಿ ಸರಿಯಾದ ಹೊತ್ತಲ್ಲಿ ತೆಗೆದ್ರೆ ಸುಮಾರು ಮನೆಗಳಿಗೆ ಸಾಕು. ಆದ್ರೆ ನಿಮ್ಮ ಹೆಂಡತಿ ಗರ್ಭಿಣಿ, ಮನೆ ರಿಂಗ್ ರೋಡ್ ಪಕ್ಕ. ಹೊಗೆ ಜಾಸ್ತಿ ಉಸಿರಾಡಿದ ತಾಯಂದಿರಲ್ಲಿ ತೂಕ ಕಮ್ಮಿ ಇರೋ ಮಗು, ದಿನ ತುಂಬೋ ಮೊದಲೇ ಹೆರಿಗೆ ಜಾಸ್ತಿ ಅಂತ ಗೊತ್ತಿದೆ. ದುಡ್ಡಿಗೆ ಕಷ್ಟ ಇಲ್ಲಾಂದ್ರೆ ಮಲಗೋ ರೂಮಿಗೆ ಒಂದು ತಗೊಳ್ಳಿ. ಸಣ್ಣ ಕಣಾನೂ ಹಿಡಿಯೋ ಹೆಪಾ ಫಿಲ್ಟರ್ ಇರಲಿ. ಡಬ್ಬಿ ಮೇಲೆ ಸಿಎಡಿಆರ್ ಅಂತ ಇರತ್ತೆ, ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಶುದ್ಧ ಮಾಡತ್ತೆ ಅನ್ನೋ ಲೆಕ್ಕ. ಹನ್ನೆರಡಕ್ಕೆ ಹನ್ನೆರಡು ಅಡಿ ರೂಮು, ಹತ್ತಡಿ ಎತ್ತರ ಅಂದ್ರೆ ಸುಮಾರು 40 ಘನ ಮೀಟರ್ ಗಾಳಿ, ಅದನ್ನ ಗಂಟೆಗೆ ಐದು ಸಲ ಸೋಸಬೇಕು ಅಂದ್ರೆ ಸಿಎಡಿಆರ್ 200 ಬೇಕು. ಸದ್ದು ಜಾಸ್ತಿ ಅಂತ ರಾತ್ರಿ ಸಣ್ಣ ಸ್ಪೀಡಲ್ಲಿ ಓಡಿಸ್ತೀವಲ್ಲ, ಅದಕ್ಕೇ ಇನ್ನೂ ಸ್ವಲ್ಪ ಜಾಸ್ತಿದೇ ತಗೊಳ್ಳಿ. ಅಯೊನೈಸರ್, ಓಝೋನ್ ಬಿಡೋ ಮಷೀನು ಮುಟ್ಟಬೇಡಿ, ಓಝೋನೇ ಶ್ವಾಸಕೋಶಕ್ಕೆ ವಿಷ. ಫಿಲ್ಟರ್ ಬದಲಾಯಿಸೋ ಖರ್ಚು ಮೊದಲೇ ಕೇಳ್ಕೊಂಡು ತಗೊಳ್ಳಿ.

ಪ್ರಶ್ನೆ: ಪಕ್ಕದ ಖಾಲಿ ಸೈಟಲ್ಲಿ ದಿನಾ ಒಣಗಿದ ಎಲೆ, ಪ್ಲಾಸ್ಟಿಕ್ ಗುಡ್ಡೆ ಹಾಕಿ ಬೆಂಕಿ ಹಾಕ್ತಾರೆ. ಹೇಳಿದ್ರೆ ಜಗಳಕ್ಕೆ ಬರ್ತಾರೆ. ಕಾನೂನು ಏನಾದ್ರೂ ಇದೆಯಾ? (ವಿದ್ಯಾರಣ್ಯಪುರ)

ಉತ್ತರ: ಇದೆ. ನಮ್ಮ ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಕಸದ ಕೇಸು ವರ್ಷಾನುಗಟ್ಟಲೆ ನಡೆದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯ್ತು, 2016ರ ಡಿಸೆಂಬರ್‌ನಲ್ಲಿ ಬಯಲಲ್ಲಿ ಕಸ ಸುಡೋದನ್ನ ದೇಶದಾದ್ಯಂತ ನಿಷೇಧಿಸಿ ಆದೇಶ ಬಂತು, ಸಾಮಾನ್ಯವಾಗಿ ಸುಟ್ರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ರೆ 25,000 ರೂಪಾಯಿ ದಂಡ. ಫೋಟೋ ತೆಗೆದು ಪಾಲಿಕೆಗೆ ದೂರು ಕೊಡಿ.

ಆದ್ರೆ ಸುಡ್ತಿರೋರು ಯಾರು ನೋಡಿ. ತುಂಬ ಕಡೆ ಪೌರಕಾರ್ಮಿಕರು ಸುಡ್ತಾರೆ, ಯಾಕಂದ್ರೆ ಎಲೆ ಒಯ್ಯೋ ಗಾಡಿ ಬರಲ್ಲ, ಗುಡ್ಡೆ ಹಂಗೇ ಬಿಟ್ರೆ ಮೇಲಿನವರು ಬೈತಾರೆ. ಆ ಹೊಗೆಯನ್ನ ಮೊದಲು ಕುಡಿಯೋದು ಅವರೇ. ಅವರ ಮೇಲೆ ಕಂಪ್ಲೇಂಟ್ ಕೊಡೋ ಮೊದಲು ಬೀದಿಯವರು ಸೇರಿ ಎಲೆ ಹಾಕೋಕೆ ತಂತಿ ಬಲೆಯ ಒಂದು ಗೂಡು ಮಾಡಿ, ಸೈಟಲ್ಲೋ ಪಾರ್ಕ್ ಮೂಲೇಲೋ ಇಡಿ, ಸ್ವಲ್ಪ ಸಗಣಿ ನೀರು, ಹುಳಿ ಮಜ್ಜಿಗೆ ಹಾಕ್ತಾ ಬಂದ್ರೆ ಕೆಲವು ತಿಂಗಳಲ್ಲಿ ಗೊಬ್ಬರ. ಪ್ಲಾಸ್ಟಿಕ್ ಸುಡೋದು ಮಾತ್ರ ಒಂದು ದಿನವೂ ಬಿಡ್ಬೇಡಿ, ಅದರ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷ ಇರತ್ತೆ.

ಪ್ರಶ್ನೆ: ಮಗ ಗುರುಗ್ರಾಮದಲ್ಲಿದಾನೆ, ಮುಂದಿನ ನವೆಂಬರ್‌ನಿಂದ ಎರಡು ತಿಂಗಳು ಬನ್ನಿ ಅಂತಿದಾನೆ. ನಮ್ಮೆಜಮಾನ್ರಿಗೆ 72, ಸಿಒಪಿಡಿ (ಶ್ವಾಸನಾಳ ಕಿರಿದಾಗಿ ದಮ್ಮು ಬರೋ ದೀರ್ಘಕಾಲದ ಕಾಯಿಲೆ) ಇದೆ. ಹೋಗಬಹುದಾ? (ಮೈಸೂರು)

ಉತ್ತರ: ಮಾರ್ಚ್‌ನಲ್ಲಿ ಹೋಗಿ ಅಮ್ಮ. ನವೆಂಬರ್‌ನಲ್ಲಿ ದಿಲ್ಲಿ ಕಡೆ ಗದ್ದೆ ಕೂಳೆ ಸುಡೋ ಹೊಗೆ, ಪಟಾಕಿ, ಗಾಡಿ, ಚಳಿ ಎಲ್ಲ ಒಂದೇ ಸಲ ಸೇರತ್ತೆ, 2024ರ ನವೆಂಬರ್ 18ಕ್ಕೆ ದಿಲ್ಲಿ ಎಕ್ಯೂಐ 490 ದಾಟಿತ್ತು, ಅಳತೆ ಮುಗಿಯೋದೇ 500ಕ್ಕೆ. ಮಗನಿಗೆ ಬೇಜಾರಾಗತ್ತೆ, ನನಗೆ ಗೊತ್ತು, ಅವನನ್ನೇ ಆಗ ಮೈಸೂರಿಗೆ ಕರೆಸ್ಕೊಳ್ಳಿ. ಮಾರ್ಚ್‌ಗೆ ಹೋಗೋ ಮೊದಲೂ ಫ್ಲೂ ಮತ್ತು ನ್ಯೂಮೊಕಾಕಲ್ (ನ್ಯುಮೋನಿಯಾ ತಡೆಯೋ) ಲಸಿಕೆ ಆಗಿದೆಯಾ ಅಂತ ನಿಮ್ಮ ಡಾಕ್ಟ್ರನ್ನ ಕೇಳಿ, ಇನ್‌ಹೇಲರ್ ಒಂದು ತಿಂಗಳಿಗೆ ಜಾಸ್ತೀನೇ ಇಟ್ಕೊಳ್ಳಿ, ಉಲ್ಬಣ ಆದ್ರೆ ಏನು ಮಾಡ್ಬೇಕು ಅಂತ ಒಂದು ಚೀಟೀಲಿ ಬರೆಸ್ಕೊಂಡು ಹೋಗಿ.

ಪ್ರಶ್ನೆ: 22 ವರ್ಷದಿಂದ ಆಟೋ ಓಡಿಸ್ತಿದೀನಿ ಸಾರ್. ದಿನಕ್ಕೆ ಹನ್ನೆರಡು ಗಂಟೆ ರೋಡಲ್ಲೇ. ಒಂದು ವರ್ಷದಿಂದ ಬೆಳಿಗ್ಗೆ ಕೆಮ್ಮು, ಕಫ, ಮೆಟ್ಟಿಲು ಹತ್ತಿದ್ರೆ ದಮ್ಮು. ಬೀಡಿ ಐದು ವರ್ಷದ ಹಿಂದೆ ಬಿಟ್ಟೆ. ಕಿಟಕಿ ಮುಚ್ಚಿ ಒಳಗಿರಿ ಅಂತ ಎಲ್ರೂ ಬರೀತಾರೆ, ನಮ್ಮಂಥವರಿಗೆ ಏನು? (ಬೆಂಗಳೂರು)

ಉತ್ತರ: ಅಣ್ಣ, ನೀವು ಕೇಳಿದ್ದು ಸರಿ. ಆಟೋದವರು, ಟ್ರಾಫಿಕ್ ಪೊಲೀಸರು, ಬೀದಿ ವ್ಯಾಪಾರಿಗಳು, ಡೆಲಿವರಿ ಹುಡುಗರು, ಇವರಿಗೆ ಮುಚ್ಚೋಕೆ ಕಿಟಕೀನೇ ಇಲ್ಲ. ಊರಲ್ಲಿ ಗಾಡಿ ಸಂಖ್ಯೆ ಒಂದು ಕೋಟಿ ದಾಟಿದೆ, ಅಷ್ಟೂ ಗಾಡಿಯ ಹೊಗೆ ಮಧ್ಯೆ ದಿನಕ್ಕೆ ಹನ್ನೆರಡು ಗಂಟೆ ಇರೋರ ಲೆಕ್ಕ ಯಾವ ಎಕ್ಯೂಐಯಲ್ಲೂ ಬರಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಹೇಳಿಯಾಗಿದೆ, ಆದ್ರೂ ರಸ್ತೆ ಮೇಲೆ ದುಡಿಯೋರಿಗೆ ವರ್ಷಕ್ಕೊಂದು ಶ್ವಾಸಕೋಶದ ತಪಾಸಣೆ ಹಕ್ಕಾಗಿ ಸಿಗ್ತಿಲ್ಲ. ನಿಮ್ಮ ಯೂನಿಯನ್ನಿನ ಮುಂದಿನ ಮೀಟಿಂಗಲ್ಲಿ ಮೀಟರ್ ದರದ ಜೊತೆ ಇದನ್ನೂ ಎತ್ತಿ, ಎಲ್ಲಾದ್ರೂ ಶಿಬಿರ ಮಾಡೋದಾದ್ರೆ ನಾನು ಬರ್ತೀನಿ, ಪತ್ರಿಕೆ ವಿಳಾಸಕ್ಕೆ ಬರೀರಿ.

ಬೀಡಿ ಬಿಟ್ಟಿದ್ದು ನಿಮ್ಮ ಶ್ವಾಸಕೋಶಕ್ಕೆ ನೀವು ಮಾಡಿರೋ ಎಲ್ಲಕ್ಕಿಂತ ದೊಡ್ಡ ಉಪಕಾರ. ಈಗ ತಡ ಮಾಡದೆ ಎರಡು ಪರೀಕ್ಷೆ ಆಗ್ಬೇಕು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಕಫ ಇದ್ರೆ ಕ್ಷಯ ಅಲ್ಲ ಅಂತ ಮೊದಲು ಖಾತ್ರಿ ಮಾಡ್ಕೋಬೇಕು, ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೇಲಿ ಉಚಿತ. ಇನ್ನೊಂದು ಸ್ಪೈರೋಮೆಟ್ರಿ, ಒಂದು ಕೊಳವೆಗೆ ಜೋರಾಗಿ ಊದಬೇಕು, ಶ್ವಾಸನಾಳ ಎಷ್ಟು ಕಿರಿದಾಗಿದೆ ಅಂತ ಗೊತ್ತಾಗತ್ತೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂತ ಕಳಿಸಿಬಿಟ್ರೆ ಒಪ್ಪಬೇಡಿ, ಶುರುವಿನ ಸಿಒಪಿಡಿ ಎಕ್ಸ್‌ರೇಯಲ್ಲಿ ಕಾಣ್ದೇನೂ ಇರಬಹುದು. ಬೆಂಗಳೂರಲ್ಲಿ ಡೈರಿ ಸರ್ಕಲ್ ಕಡೆ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ, ಅಲ್ಲಿಗೆ ಹೋಗಿ. ಒಂದು ದಿನದ ಬಾಡಿಗೆ ಹೋಗತ್ತೆ, ಹೋಗ್ಲಿ.

ಆ ತನಕ ಗಾಡಿ ಓಡಿಸ್ತಾ ಎನ್95 ಹಾಕಿ, ದಮ್ಮು ಜಾಸ್ತಿ ಅನ್ಸಿದ್ರೆ ಸೈಡಿಗೆ ಹಾಕಿ ಸ್ವಲ್ಪ ಹೊತ್ತು ತೆಗೀರಿ. ಸ್ಟ್ಯಾಂಡಲ್ಲಿ ಬಸ್ ಸ್ಟಾಪಿಗೆ ಅಂಟ್ಕೊಂಡು ನಿಲ್ಲಿಸೋ ಬದಲು ಹತ್ತಡಿ ಒಳಗಿನ ಕ್ರಾಸಲ್ಲಿ ನಿಲ್ಲಿಸಿ, ಊಟ ಟೀ ಮೇನ್ ರೋಡ್ ಮೇಲೆ ಬೇಡ. ಸ್ಪೈರೋಮೆಟ್ರಿ ರಿಪೋರ್ಟ್ ಬಂದ ಮೇಲೆ ಅದರ ಫೋಟೋ ಕಳಿಸಿ, ನಾನೇ ನೋಡಿ ನಿಮಗೆ ನೇರ ಬರೀತೀನಿ, ಅಂಕಣದಲ್ಲಿ ಹಾಕಲ್ಲ.